ಗೈಡ್ ಇಲ್ಲದೆ ಡೊಲೊಮೈಟ್ಸ್‌ನ ಆಲ್ಟಾ ವಿಯಾ 1 ನಡೆಯಬಹುದಾ?

ಖಂಡಿತ ನಡೆಯಬಹುದು. ಬೆಟ್ಟ ಹತ್ತಿ ಅಭ್ಯಾಸವಿದ್ದು, ದಿನಕ್ಕೆ ಆರೇಳು ಗಂಟೆ ನಡೆಯುವ ಶಕ್ತಿ ಇದ್ದರೆ ಸಾಕು. ಇಟಲಿಯ ಡೊಲೊಮೈಟ್ಸ್ ಪರ್ವತಸಾಲಿನಲ್ಲಿ ಬ್ರಾಯೆಸ್ ಸರೋವರದಿಂದ ಬೆಲ್ಲುನೊ ಊರಿನ ಕಡೆಗೆ ಸುಮಾರು 120 ಕಿ.ಮೀ. ಕಾಲುದಾರಿ ಇದು. ಬಂಡೆಗಳ ಮೇಲೆ ಕೆಂಪು-ಬಿಳಿ ಬಣ್ಣದ ಗುರುತು, ಕವಲುಗಳಲ್ಲಿ ನಂಬರ್ ಇರುವ ಫಲಕ ಸಿಗುತ್ತವೆ. ಆದರೂ ಮ್ಯಾಪನ್ನು ಮೊಬೈಲಿಗೆ ಇಳಿಸಿಕೊಂಡಿರಿ.

ರಾತ್ರಿ ಉಳಿಯುವುದು ರಿಫುಜಿಯೊ ಎಂಬ ಬೆಟ್ಟದ ತಂಗುಮನೆಗಳಲ್ಲಿ. ರಾತ್ರಿ ಊಟ, ಬೆಳಗಿನ ತಿಂಡಿ, ಹಾಸಿಗೆ, ಕಂಬಳಿ ಎಲ್ಲ ಅಲ್ಲೇ ಸಿಗುತ್ತದೆ. ಹಾಗಾಗಿ ಟೆಂಟ್, ಒಲೆ ಹೊರುವುದು ಬೇಡ. ಮಲಗಲು ತೆಳು ಬಟ್ಟೆಯ ಸ್ಲೀಪಿಂಗ್ ಬ್ಯಾಗ್ ಲೈನರ್ ಮಾತ್ರ ನೀವೇ ಒಯ್ಯಬೇಕು. ಸಸ್ಯಾಹಾರಿಗಳಿಗೆ ಪಾಸ್ತಾ, ಪೊಲೆಂಟಾ (ಜೋಳದ ಹಿಟ್ಟಿನ ಗಟ್ಟಿ ಗಂಜಿ), ಚೀಸ್ ಸಿಗುತ್ತದೆ, ಬುಕ್ ಮಾಡುವಾಗಲೇ ಹೇಳಿಬಿಡಿ. 2,752 ಮೀಟರ್ ಎತ್ತರದ ಲಗಜುವೊಯಿಯಂಥ ಮನೆಗಳು ಬೇಗ ಭರ್ತಿಯಾಗುತ್ತವೆ. ತಿಂಗಳುಗಟ್ಟಲೆ ಮೊದಲೇ ಬುಕ್ ಮಾಡಿ. ಕೈಯಲ್ಲಿ ಸ್ವಲ್ಪ ಯೂರೋ ನಗದು ಇರಲಿ.

ಜೂನ್ ಕೊನೆಯವರೆಗೂ ಎತ್ತರದ ಕಣಿವೆದಾರಿಗಳಲ್ಲಿ ಹಿಮ ಉಳಿದಿರಬಹುದು. ಜುಲೈ, ಆಗಸ್ಟ್‌ನಲ್ಲಿ ಗುಡುಗು ಸಿಡಿಲಿನ ಭಯವೇ ಜಾಸ್ತಿ, ಅದೂ ಮಧ್ಯಾಹ್ನದ ಮೇಲೆ. ಬೆಳಿಗ್ಗೆ ಬೇಗ ಹೊರಟು ಮಧ್ಯಾಹ್ನ ಎರಡು ಗಂಟೆಯೊಳಗೆ ತಂಗುಮನೆ ಸೇರಿ. ನನ್ನ ಪ್ರಕಾರ ಇದೊಂದನ್ನು ಯಾವ ಕಾರಣಕ್ಕೂ ಬಿಡಬಾರದು. ಕೊನೆಯಲ್ಲಿ ಸ್ಕಿಯಾರಾ ಬೆಟ್ಟದ ಬಳಿ ಕಬ್ಬಿಣದ ಹಗ್ಗ ಹಿಡಿದು ಇಳಿಯುವ ಭಾಗವಿದೆ. ಹೆಲ್ಮೆಟ್, ಹಾರ್ನೆಸ್ (ಸೊಂಟಕ್ಕೆ ಕಟ್ಟುವ ಸುರಕ್ಷತಾ ಪಟ್ಟಿ), ಅನುಭವ ಇಲ್ಲದವರು ಅದಕ್ಕೂ ಮೊದಲೇ ರಸ್ತೆಗೆ ಇಳಿದು ಬಸ್ ಹಿಡಿಯುತ್ತಾರೆ. ಬೆಟ್ಟದಲ್ಲಿ ರಕ್ಷಣೆಯ ಖರ್ಚು ಭರಿಸುವ ವಿಮೆ ಮಾಡಿಸಿಕೊಳ್ಳಿ. ತುರ್ತು ನಂಬರ್ 112.