ಧ್ವನಿ ಬಂದ್ ಮಾಡಿ ನೋಡಿದ ವಿಡಿಯೋ

(ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಅಪ್ಪ, ಅಮ್ಮ, ಮಗ ಮೂವರೂ ಇದನ್ನು ಬರೆಯಲು ಒಪ್ಪಿದ್ದಾರೆ.)

ಸಲಹೆ ಕೇಳಿಕೊಂಡು ನನ್ನ ಹತ್ತಿರ ಮೊದಲು ಬಂದವರು ತಾಯಿ. ಕುರ್ಚಿಯಲ್ಲಿ ಕೂರುವ ಮುಂಚೆಯೇ ಫೋನ್ ನನ್ನ ಮುಂದಿಟ್ಟರು. "ಇದನ್ನು ನೋಡಿ, ಆಮೇಲೆ ಮಾತಾಡೋಣ" ಅಂದರು. ಅರ್ಧ ನಿಮಿಷದ ವಿಡಿಯೋ. ಬೆಂಗಳೂರಿನ ಯಾವುದೋ ಕಾಲೇಜಿನ ಫೆಸ್ಟು. ಇಪ್ಪತ್ತು ವರ್ಷದ ಹುಡುಗ ಬಿಳಿ ಅಂಗಿ, ಪಾದದವರೆಗೆ ಬರುವ ಕಪ್ಪು ನೆರಿಗೆ ಸ್ಕರ್ಟ್ ಹಾಕಿಕೊಂಡು ಮೆಟ್ಟಿಲು ಇಳಿದು ಬರುತ್ತಾನೆ. ಅದಕ್ಕೆ ಸಿನಿಮಾದ ಕಾಮಿಡಿ ಸೀನಿನ ಮ್ಯೂಸಿಕ್ ಅಂಟಿಸಿದ್ದರು. ಟೊಂಯ್ ಟೊಂಯ್ ಅನ್ನುವ ಸದ್ದು, ಹಿಂದೆ ಗುಂಪು ನಗು, ಕೊನೆಗೆ ಹೆಣ್ಣು ಧ್ವನಿ ಮಾಡುವ ಹಾಸ್ಯನಟನ ಕೀರಲು ಮಾತು.

ಹುಡುಗನನ್ನು ಕಿರಣ ಅಂತ ಕರೆಯೋಣ. ವಿಡಿಯೋ ಮಾಡಿದ್ದು ಅವನ ದೊಡ್ಡಪ್ಪನ ಮಗ. ಕಿರಣನ ಇನ್‌ಸ್ಟಾಗ್ರಾಂನಿಂದ ಇಳಿಸಿಕೊಂಡು, ಮ್ಯೂಸಿಕ್ ಸೇರಿಸಿ, ನೆಂಟರ ವಾಟ್ಸಾಪ್ ಗುಂಪಿಗೆ ಬಿಟ್ಟಿದ್ದ. ಅಪ್ಪ ಮಲೆನಾಡಿನ ಸಣ್ಣ ಪೇಟೆಯಲ್ಲಿ ಟೈಲರ್. ಮೂವತ್ತು ವರ್ಷದಿಂದ ಪ್ಯಾಂಟು, ಷರ್ಟು ಮಾತ್ರ ಹೊಲಿಯುವವರು. ಅವರು ಅದನ್ನು ನೋಡಿದ್ದು ಅಂಗಡಿಯಲ್ಲಿ, ಗಿರಾಕಿಗಳ ಎದುರು. ಅವತ್ತಿನಿಂದ ಮಗನ ಫೋನ್ ಎತ್ತಿರಲಿಲ್ಲ. ಒಂದೂವರೆ ತಿಂಗಳಾಗಿತ್ತು.

ಎರಡನೇ ಭೇಟಿಗೆ ಅಪ್ಪನೂ ಬಂದರು. ಅವರ ಮೊದಲ ಪ್ರಶ್ನೆ: "ಇದಕ್ಕೆ ಟ್ರೀಟ್‌ಮೆಂಟ್ ಇದೆಯಾ?"

ಇಲ್ಲ ಅಂದೆ. ರೋಗ ಇಲ್ಲದ ಕಡೆ ಟ್ರೀಟ್‌ಮೆಂಟ್ ಎಲ್ಲಿಂದ? ಅವರ ಪ್ರಶ್ನೆಯ ಒಳಗೆ ಇನ್ನೊಂದು ಪ್ರಶ್ನೆ ಇತ್ತು, ಅದನ್ನು ಬಾಯಿಬಿಟ್ಟು ಕೇಳಲು ಅವರಿಗೆ ಆಗುತ್ತಿರಲಿಲ್ಲ. ಹಾಗಾಗಿ ನಾನೇ ಹೇಳಿದೆ. ಹಾಕುವ ಬಟ್ಟೆಯಿಂದ ಒಬ್ಬ ತನ್ನನ್ನು ಗಂಡು ಅಂದುಕೊಂಡಿದ್ದಾನಾ, ಹೆಣ್ಣು ಅಂದುಕೊಂಡಿದ್ದಾನಾ, ಯಾರನ್ನು ಇಷ್ಟಪಡುತ್ತಾನೆ ಅನ್ನುವುದು ಯಾವುದೂ ಗೊತ್ತಾಗುವುದಿಲ್ಲ. ಗೊತ್ತಾದರೂ ಅದು ಗುಣಪಡಿಸುವ ವಿಷಯ ಅಲ್ಲ. "ಬದಲಾಯಿಸಿಕೊಡ್ತೀವಿ" ಅಂತ ಹೇಳುವ ವೈದ್ಯರದ್ದು ವೃತ್ತಿ ದುರ್ನಡತೆ ಅಂತ 2022ರಲ್ಲೇ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೇಳಿದೆ. ದುಡ್ಡು ಕಳಕೊಳ್ಳಬೇಡಿ, ಮಗನನ್ನೂ ಕಳಕೊಳ್ಳಬೇಡಿ ಅಂದೆ.

ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಅವರು ಬಿಳಿ ಪಂಚೆ ಉಟ್ಟು ಬಂದಿದ್ದರು. "ನೀವು ಉಟ್ಟಿರೋದೂ ಸೊಂಟಕ್ಕೆ ಸುತ್ತೋ ಬಟ್ಟೆನೇ ಅಲ್ವಾ? ಮನೆಯಲ್ಲಿ ಲುಂಗಿ ಉಡ್ತೀರಿ, ಎರಡು ಅಂಚು ಸೇರಿಸಿ ಹೊಲಿದರೆ ಅದೂ ಸ್ಕರ್ಟೇ" ಅಂದುಬಿಟ್ಟೆ. ದೊಡ್ಡ ವಾದ ಗೆದ್ದ ಹಾಗೆ ಅನಿಸಿತು. ಅವರು ಎದ್ದು ಹೋದರು. ಮುಂದಿನ ಭೇಟಿಗೆ ಬರಲೇ ಇಲ್ಲ. ನನ್ನದೇ ತಪ್ಪು. ಮಗನ ಬಟ್ಟೆಯಿಂದ ಆದ ಅವಮಾನ ಸಾಲದು ಅಂತ ಅವರ ಪಂಚೆಯನ್ನೂ ಅದರ ಜೊತೆ ಎಳೆದು ತಂದಿದ್ದೆ.

ಆ ವಾರ ಕಿರಣ ಒಬ್ಬನೇ ಬಂದ. ಹಾಸ್ಟೆಲಿನಲ್ಲಿ ಸರಿಯಾಗಿ ಊಟ ಮಾಡುತ್ತಿರಲಿಲ್ಲ, ರಾತ್ರಿ ನಿದ್ದೆ ಇಲ್ಲ. ಸಾಯುವ ಯೋಚನೆ ಬರುತ್ತಾ ಅಂತ ನೇರವಾಗಿಯೇ ಕೇಳಿದೆ. ಕೇಳಿದರೆ ಆ ಯೋಚನೆ ಹುಟ್ಟುತ್ತೆ ಅಂತ ಎಷ್ಟೋ ಜನ ಹೆದರುತ್ತಾರೆ, ಹಾಗೇನೂ ಆಗಲ್ಲ. ಇಲ್ಲ ಅಂದ. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರು 14416 ಅವನ ಫೋನಿನಲ್ಲಿ ಸೇವ್ ಮಾಡಿಸಿದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

"ನಾನು ಹುಡುಗನೇ ಸರ್. ಬಟ್ಟೆ ಚೆನ್ನಾಗಿ ಕಂಡಿತು, ಹೊಲಿದೆ, ಹಾಕಿದೆ" ಅಂದ. ನಂಬಿದೆ. ಬೇರೆ ಏನು ಹೇಳಿದ್ದರೂ ನಂಬುತ್ತಿದ್ದೆ. ಆಮೇಲೆ ಫೋನಿನಲ್ಲಿ ಫೋಟೋ ತೋರಿಸುತ್ತಾ ಹೋದ. 2022ರಲ್ಲಿ ಬರ್ಲಿನ್‌ನಲ್ಲಿ ತನ್ನ ಸಿನಿಮಾದ ಪ್ರೀಮಿಯರ್‌ಗೆ ಹಾಲಿವುಡ್ ನಟ ಬ್ರಾಡ್ ಪಿಟ್ ಲಿನನ್ ಸ್ಕರ್ಟ್ ಹಾಕಿ ಬಂದಿದ್ದು. ರಣವೀರ್ ಸಿಂಗ್. ಕಿಲ್ಟ್, ಅಂದರೆ ಗಂಡಸರ ನೆರಿಗೆ ಸ್ಕರ್ಟ್, ತೊಟ್ಟ ಸ್ಕಾಟ್ಲೆಂಡಿನ ಯೋಧರು. "ಇವರೆಲ್ಲ ಹಾಕಬಹುದು, ನಾನು ಯಾಕೆ ಹಾಕಬಾರದು?"

ಅಪ್ಪ 'ಲಂಗ' ಅನ್ನುತ್ತಿದ್ದರು, ಮಗ 'ಸ್ಕರ್ಟ್' ಅನ್ನುತ್ತಿದ್ದ. ಬಟ್ಟೆ ಒಂದೇ, ನೋಡಿಕೊಂಡು ಬೆಳೆದ ಸಿನಿಮಾ ಬೇರೆ. ಅಪ್ಪನ ಪರದೆಯಲ್ಲಿ ಗಂಡಸು ಲಂಗ ಹಾಕಿದ ಅಂದರೆ ಕಾಮಿಡಿ ಟ್ರ್ಯಾಕ್. ಕ್ಯಾಮೆರಾ ಕಾಲಿನಿಂದ ಶುರುವಾಗಿ ಮೇಲೆ ಹೋಗುತ್ತೆ, ಹಲ್ಲು ಕಿರಿದುಕೊಂಡು ಹಿಂದೆ ಬೀಳುವ ವಿಲನ್ ಕಡೆಯವನಿಗೆ ಗೊತ್ತಾಗಲ್ಲ, ನಮಗೆ ಗೊತ್ತು, ನಗುತ್ತೇವೆ. ಅದೇ ನಾಯಕ ಪಂಚೆ ಎತ್ತಿ ಕಟ್ಟಿದ ಅಂದರೆ ಫೈಟ್ ಶುರು, ಶಿಳ್ಳೆ. ತೆರೆಯ ಹೊರಗೆ ಡಾ. ರಾಜ್‌ಕುಮಾರ್ ಅವರನ್ನು ನಾವು ನೋಡಿದ್ದೇ ಬಿಳಿ ಪಂಚೆ, ಬಿಳಿ ಅಂಗಿಯಲ್ಲಿ. ಕಾಲು ಎರಡಾಗಿ ಸೀಳದ ಬಟ್ಟೆ ಎರಡೂ. ಒಂದಕ್ಕೆ ಗೌರವ, ಇನ್ನೊಂದಕ್ಕೆ ಟೊಂಯ್.

ಮಗನ ಪರದೆಯೂ ಅಷ್ಟೇ ಸುಳ್ಳು ಹೇಳುತ್ತೆ. ಇದನ್ನು ಕೇಳಿ ಕಿರಣನಿಗೆ ಬೇಜಾರಾಯಿತು. ಕಿಲ್ಟ್ ಯಾರಿಗೂ ನಗು ತರಿಸುವುದಿಲ್ಲ, ಯಾಕೆಂದರೆ ಅದರ ಪಕ್ಕ ಯಾವಾಗಲೂ ಒಂದು ಕತ್ತಿ ಇರುತ್ತೆ. ಸ್ಕಾಟ್ಲೆಂಡಿನ ಯೋಧ ವಿಲಿಯಂ ವಾಲೇಸ್ ಕಥೆಯ 1995ರ ಹಾಲಿವುಡ್ ಸಿನಿಮಾ 13ನೇ ಶತಮಾನದ ಕೊನೆಯ ಯೋಧರಿಗೆ ಕಿಲ್ಟ್ ತೊಡಿಸಿತು. ಆ ಥರದ ಉಡುಗೆಯ ದಾಖಲೆ ಸಿಗುವುದು 16ನೇ ಶತಮಾನದ ಕೊನೆಗೆ, ಅಂದರೆ ಸುಮಾರು ಮುನ್ನೂರು ವರ್ಷ ಆಮೇಲೆ. ಅದೇ ಕಿಲ್ಟನ್ನು ಬ್ರಿಟಿಷ್ ಸರ್ಕಾರ 1746ರಲ್ಲಿ ಕಾನೂನು ತಂದು ನಿಷೇಧಿಸಿತ್ತು, 1782ರವರೆಗೆ. ಇನ್ನು ಬ್ರಾಡ್ ಪಿಟ್ ಕಾರಿನಿಂದ ಇಳಿದು ರತ್ನಗಂಬಳಿ ಮೇಲೆ ನಡೆಯುತ್ತಾರೆ. ರಾತ್ರಿ ಒಂಬತ್ತಕ್ಕೆ ಮೆಜೆಸ್ಟಿಕ್‌ನಲ್ಲಿ ನೇತಾಡಿಕೊಂಡು ಬಸ್ ಹತ್ತುವುದಿಲ್ಲ. ಫೋಟೋದಲ್ಲಿ ಚಪ್ಪಾಳೆ ಇರುತ್ತೆ, ಮನೆಗೆ ವಾಪಸ್ ಹೋಗುವ ದಾರಿ ಇರಲ್ಲ.

ಅಪ್ಪ ಮತ್ತೆ ಬಂದಿದ್ದು ಮೂರು ವಾರದ ನಂತರ, ಹೆಂಡತಿಯ ಒತ್ತಾಯಕ್ಕೆ. ಆಕೆ ಮನೆಯಲ್ಲಿ ಒಂದು ಮಾತು ಆಡಿದ್ದರಂತೆ: "ಹೆಂಗಸರ ಬಟ್ಟೆ ಹಾಕಿದ್ದೇ ಅವಮಾನ ಅಂತೀರಲ್ಲ, ನಾನು ದಿನಾ ಅವಮಾನ ಉಟ್ಟುಕೊಂಡು ಓಡಾಡ್ತಿದೀನಾ?" ಅಪ್ಪ ಉತ್ತರ ಕೊಟ್ಟಿರಲಿಲ್ಲ.

ಈ ಸಲ ನಾನು ವಾದ ಮಾಡಲಿಲ್ಲ. ಏನು ನೋಡಲು ಇಷ್ಟ ಅಂತ ಕೇಳಿದೆ. ಯಕ್ಷಗಾನ. ರಾತ್ರಿಯಿಡೀ ಕೂತು ನೋಡುವ ಹುಚ್ಚು. ಅಲ್ಲಿ ಗಂಡಸರು ಸೀರೆ ಉಟ್ಟು ಸ್ತ್ರೀವೇಷ ಮಾಡಿದಾಗ ನಗು ಬರುತ್ತಾ ಅಂದೆ. ಅವರಿಗೆ ಸಿಟ್ಟೇ ಬಂತು. "ದಮಯಂತಿ ಅಳುವಾಗ ಯಾರು ನಗ್ತಾರೆ? ನಗಿಸೋಕೆ ಹಾಸ್ಯಗಾರ ಬೇರೆ ಇರ್ತಾನೆ." ಹಾಗಾದರೆ ಅದೇ ಕಣ್ಣಿಗೆ ಸಿನಿಮಾದಲ್ಲಿ ಯಾಕೆ ನಗು ಬರುತ್ತೆ? ಸ್ವಲ್ಪ ಹೊತ್ತು ಸುಮ್ಮನಿದ್ದು "ಅಲ್ಲಿ ನಗಿ ಅಂತಾನೇ ಮಾಡಿರ್ತಾರಲ್ಲ" ಅಂದರು.

ಆಗ ಅವರಿಗೆ ಹಳೆಯ ಒಂದು ಪ್ರಯೋಗದ ಬಗ್ಗೆ ಹೇಳಿದೆ. 1965ರಲ್ಲಿ ಪ್ರಕಟವಾದದ್ದು, ಆಲ್ಬರ್ಟ್ ಬಂಡೂರಾ ಅನ್ನುವ ಮನಶ್ಶಾಸ್ತ್ರಜ್ಞರದು. ದೊಡ್ಡವನೊಬ್ಬ ಗೊಂಬೆಗೆ ಹೊಡೆಯುವ ಚಿತ್ರವನ್ನು ಮಕ್ಕಳಿಗೆ ತೋರಿಸಿದರು. ಕೆಲವರು ನೋಡಿದ ಚಿತ್ರದಲ್ಲಿ ಅವನಿಗೆ ಬಹುಮಾನ, ಕೆಲವರದ್ದರಲ್ಲಿ ಬೈಗುಳ, ಕೆಲವರದ್ದರಲ್ಲಿ ಏನೂ ಇಲ್ಲ. ಬೈಗುಳ ನೋಡಿದ ಮಕ್ಕಳು ಅವನನ್ನು ಅನುಕರಿಸಿದ್ದು ಕಡಿಮೆ. ಆಮೇಲೆ "ಅವನು ಮಾಡಿದ್ದನ್ನು ಮಾಡಿ ತೋರಿಸಿದರೆ ಬಹುಮಾನ" ಅಂದಾಗ ಮೂರೂ ಗುಂಪಿನ ಮಕ್ಕಳು ಹೆಚ್ಚುಕಡಿಮೆ ಒಂದೇ ಸಮ ಮಾಡಿ ತೋರಿಸಿದರು. ಯಾರಿಗೆ ಏನಾಯಿತು ಅಂತ ನೋಡಿಯೇ ಏನು ಮಾಡಬಾರದು ಅಂತ ಕಲಿಯುತ್ತೇವೆ. ಸಿನಿಮಾದಲ್ಲಿ ಬೈಗುಳವೂ ಬೇಕಿಲ್ಲ, ಥಿಯೇಟರ್ ತುಂಬ ನಗುವೇ ಸಾಕು.

ಅಪ್ಪ ತಲೆಯಾಡಿಸಿದರು, ಅಷ್ಟೆ. ಪ್ರಯೋಗದಿಂದ ಯಾರ ಮನಸ್ಸೂ ಬದಲಾಗಿದ್ದು ನಾನು ನೋಡಿಲ್ಲ. ಹಾಗಾಗಿ ಒಂದು ಕೆಲಸ ಕೊಟ್ಟೆ. ಆ ವಿಡಿಯೋವನ್ನು ಧ್ವನಿ ಬಂದ್ ಮಾಡಿ ಒಂದು ಸಲ ನೋಡಿ, ಇಲ್ಲೇ.

ನೋಡಿದರು. ಮತ್ತೊಮ್ಮೆ ನೋಡಿದರು. ಮೂರನೇ ಸಲ ಮಧ್ಯದಲ್ಲಿ ನಿಲ್ಲಿಸಿ, ಎರಡು ಬೆರಳಲ್ಲಿ ಹಿಗ್ಗಿಸಿದರು. "ಎಡಗಡೆ ನೆರಿಗೆ ಸರಿ ಕೂತಿಲ್ಲ" ಅಂದರು. "ಇಸ್ತ್ರಿ ಮಾಡೋ ಮುಂಚೆ ಕಚ್ಚಾ ಹೊಲಿಗೆ ಹಾಕಬೇಕಿತ್ತು. ಹೇಳಿಕೊಟ್ಟಿದ್ದೆ."

ಮೂವರೂ ಕೂತ ದಿನ ಕೊಟ್ಟ ಸಲಹೆ ಇಷ್ಟು. ಅಪ್ಪನಿಗೆ: ಕೇಳುವುದಿದ್ದರೆ ಮಗನನ್ನೇ ಕೇಳಿ, ಅಣ್ಣನ ಮಗನ ಹತ್ತಿರ ಅಲ್ಲ. 'ಒಪ್ಪಿದ್ದೇನೆ' ಅಂತ ಸುಳ್ಳು ಹೇಳುವ ಅಗತ್ಯ ಇಲ್ಲ. ಒಪ್ಪದೆಯೂ ಫೋನ್ ಎತ್ತಬಹುದು. ಬಣ್ಣ ಇಷ್ಟ ಆಗಲಿಲ್ಲ, ಜನ ಏನಂತಾರೋ ಅನ್ನುವ ಭಯ ಇದೆ ಅಂತ ಬೇಕಾದರೆ ಹೇಳಿ. ಭಯವನ್ನು ಭಯ ಅಂತಲೇ ಹೇಳಿ, ಸಿಟ್ಟು ಮಾಡಬೇಡಿ. ಕಿರಣನಿಗೆ: ಹಾಕಬೇಡ ಅಂತ ನಾನು ಹೇಳಲ್ಲ. ಎಲ್ಲಿ, ಯಾವಾಗ, ಯಾರ ಜೊತೆ ಅಂತ ಯೋಚಿಸು. ವಾಪಸ್ ಬರುವಾಗ ಒಬ್ಬನೇ ಬರಬೇಡ. ಅಕೌಂಟ್ ಸದ್ಯಕ್ಕೆ ಲಾಕ್ ಇರಲಿ. ಅಕ್ಕನ ಮದುವೆ ಮನೆಯನ್ನು ಪರೀಕ್ಷೆಯ ಜಾಗ ಮಾಡಿಕೊಳ್ಳಬೇಡ. ಇದು ಅವನಿಗೆ ಸೋಲು ಅನಿಸಿತು, ಅದನ್ನು ಮುಖಕ್ಕೇ ಹೇಳಿದ. ಇರಬಹುದು ಅಂದೆ. ವಿಡಿಯೋ ತೆಗೆಸುವ ಕೆಲಸ ಅಪ್ಪ ತಾವೇ ತೆಗೆದುಕೊಂಡರು. ಅಣ್ಣನ ಮಗನಿಗೆ ಏನು ಹೇಳಿದರೋ ಗೊತ್ತಿಲ್ಲ, ಸಂಜೆಯೊಳಗೆ ಗುಂಪಿನಿಂದ ಅಳಿಸಿದ್ದ.

ಹೊರಡುವ ಮುಂಚೆ ಅಪ್ಪನೇ ಒಂದು ವಿಷಯ ಎತ್ತಿದರು. 2024ರ ಜುಲೈನಲ್ಲಿ ಸಿನಿಮಾ ನೋಡಲು ಮಗನ ಜೊತೆ ಬೆಂಗಳೂರಿನ ಮಾಲ್‌ಗೆ ಬಂದ ಹಾವೇರಿಯ ರೈತರೊಬ್ಬರನ್ನು ಪಂಚೆ ಉಟ್ಟಿದ್ದಕ್ಕೆ ಒಳಗೆ ಬಿಟ್ಟಿರಲಿಲ್ಲ. ಏಳು ದಿನ ಮಾಲ್ ಮುಚ್ಚಿಸುತ್ತೇವೆ ಅಂತ ಸರ್ಕಾರ ಹೇಳಿತು. "ಟಿವಿಯಲ್ಲಿ ಅದನ್ನು ನೋಡಿ ಅವತ್ತು ನನಗೆ ಊಟ ಸೇರಲಿಲ್ಲ" ಅಂದರು. ನನ್ನ ಮುಖ ನೋಡಿದರು. ನಾನೂ ಆ ಗಾರ್ಡ್ ಥರಾನೇ ಅಂತೀರಾ ಅಂತ ಕೇಳುತ್ತಿದ್ದರು ಅನಿಸಿತು. ನಾಲಿಗೆ ತುದಿಯವರೆಗೆ ಬಂದಿತ್ತು. ಒಂದು ಸಲ ಪೆಟ್ಟು ತಿಂದಿದ್ದೆನಲ್ಲ, ಸುಮ್ಮನೆ ಚಹಾ ತರಿಸಿದೆ.

ಆ ಸ್ಕರ್ಟ್ ಇನ್ನೂ ಹಾಸ್ಟೆಲಿನ ಟ್ರಂಕಿನಲ್ಲಿದೆ. ಊರಿಗೆ ತರಬೇಡ ಅಂತ ಅಪ್ಪ ಹೇಳಿದ್ದಾರೆ, ಆ ಮಾತು ಬದಲಾಗಿಲ್ಲ. ಕಿರಣನಿಗೆ ಅದರ ಬಗ್ಗೆ ಸಿಟ್ಟೂ ಇದೆ. ಭಾನುವಾರ ಭಾನುವಾರ ಇಬ್ಬರೂ ಫೋನಿನಲ್ಲಿ ಮಾತಾಡುತ್ತಾರಂತೆ, ಜಾಸ್ತಿ ಹೊಲಿಗೆ ಮಷೀನಿನ ವಿಷಯ. ಮುಂದಿನ ಭೇಟಿ ಅಕ್ಕನ ಮದುವೆ ಕಳೆದ ಮೇಲೆ.