ಈರುಳ್ಳಿ ಸಿಪ್ಪೆಯ ಕಷಾಯದಿಂದ ಕ್ಯಾನ್ಸರ್ ಗುಣವಾಗುತ್ತದೆಯೇ?

ಈರುಳ್ಳಿ ಸಿಪ್ಪೆಯ ಸಾರ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆಂಬ ಸುದ್ದಿ ನಿಜವೇ, ನಿಜವಾದರೆ ಕೀಮೋಥೆರಪಿಯಲ್ಲಿರುವ ನಿಮ್ಮ ಚಿಕ್ಕಮ್ಮನಿಗೆ ಅದರ ಕಷಾಯ ಕೊಡಬಹುದೇ ಎಂದು ಕೇಳಿದ್ದೀರಿ. ಸುದ್ದಿಯಲ್ಲಿ ಹುರುಳಿದೆ, ಆದರೂ ಕಷಾಯ ಬೇಡವೆಂದೇ, ಇಂಥ ಪ್ರಯೋಗಗಳನ್ನು ಮಾಡಿರುವ ನನ್ನ ಸಲಹೆ.

ನಾವು ಎಸೆಯುವ ಒಣ ಹೊರಸಿಪ್ಪೆಯಲ್ಲಿ ಕ್ವೆರ್ಸೆಟಿನ್ ಎಂಬ ಸಂಯುಕ್ತ ತಿರುಳಿಗಿಂತ ಹಲವು ಪಟ್ಟು ಹೆಚ್ಚಿರುತ್ತದೆ. ಸಿಪ್ಪೆಯನ್ನು ಎಥನಾಲ್‌ನಲ್ಲಿ ನೆನೆಸಿ, ಸೋಸಿ, ಆ ದ್ರವವನ್ನು ಆವಿಯಾಗಿಸಿ ಉಳಿದ ಸಾರವನ್ನು ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿ, 96 ಗುಳಿಗಳ ಪ್ಲಾಸ್ಟಿಕ್ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳ ಮೇಲೆ ಹನಿಸುತ್ತೇವೆ. ಒಂದೆರಡು ದಿನಗಳ ನಂತರ ಎಂಟಿಟಿ ಎಂಬ ಹಳದಿ ದ್ರಾವಣವನ್ನು ಹಾಕಿದಾಗ, ಬದುಕಿರುವ ಕೋಶಗಳು ಅದನ್ನು ನೇರಳೆ ಹರಳುಗಳಾಗಿ ಮಾರ್ಪಡಿಸುತ್ತವೆ. ನೇರಳೆ ಕಡಿಮೆಯಾದಷ್ಟೂ ಹೆಚ್ಚು ಕೋಶಗಳು ಸತ್ತಿವೆ ಎಂದು ಲೆಕ್ಕ. ಇದರಲ್ಲೂ ತೊಡಕುಂಟು: ಕ್ವೆರ್ಸೆಟಿನ್ ಕೋಶಗಳ ನೆರವಿಲ್ಲದೆ ತಾನೇ ಎಂಟಿಟಿಯನ್ನು ನೇರಳೆಯಾಗಿಸಬಲ್ಲದು, ಜೊತೆಗೆ ಕೋಶಗಳನ್ನು ಬೆಳೆಸುವ ದ್ರವದಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸಿ ಕೋಶಗಳನ್ನು ಪರೋಕ್ಷವಾಗಿ ಕೊಲ್ಲಬಲ್ಲದು. ಆರೋಗ್ಯವಂತ ಕೋಶಗಳ ಮೇಲೂ ಅದೇ ಸಾರವನ್ನು ಹಾಕಿ ನೋಡದ ವರದಿಯನ್ನು ನಾನಂತೂ ಗಂಭೀರವಾಗಿ ಪರಿಗಣಿಸುವುದಿಲ್ಲ.

ದೇಹದೊಳಗಿನ ಲೆಕ್ಕವೇ ಬೇರೆ. ಸಿಪ್ಪೆಯಲ್ಲಿರುವ ಕ್ವೆರ್ಸೆಟಿನ್ ಬಹುಪಾಲು ಸಕ್ಕರೆಯ ಅಣು ಅಂಟದ ರೂಪದ್ದಾದ್ದರಿಂದ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಕುಡಿದದ್ದರಲ್ಲಿ ಒಂದಂಶ ಹೀರಲ್ಪಟ್ಟರೂ ಕರುಳು ಮತ್ತು ಯಕೃತ್ತು ಅದನ್ನು ಕೂಡಲೇ ಬೇರೆ ರೂಪಗಳಿಗೆ ಬದಲಾಯಿಸುತ್ತವೆ. ತಟ್ಟೆಯಲ್ಲಿ ಹತ್ತಾರು ಮೈಕ್ರೋಮೋಲಾರ್ (ದ್ರಾವಣದ ಸಾಂದ್ರತೆಯ ಅಳತೆ) ಸಾಂದ್ರತೆಯಲ್ಲಿ ಕಂಡ ಪರಿಣಾಮವನ್ನು, ಆಹಾರದಿಂದ ಒಂದೆರಡು ಮೈಕ್ರೋಮೋಲಾರ್ ತಲುಪುವುದೂ ಕಷ್ಟವಾಗಿರುವ ರಕ್ತದಲ್ಲಿ ನಿರೀಕ್ಷಿಸಲಾಗದು.

ಸಸ್ಯಜನ್ಯ ಔಷಧಿಗಳೇ ಇಲ್ಲವೆಂದು ಇದರರ್ಥವಲ್ಲ. ಪೆಸಿಫಿಕ್ ಯೂ ಮರದ ತೊಗಟೆಯನ್ನು ಅಮೆರಿಕದಲ್ಲಿ ಸಂಗ್ರಹಿಸಿದ್ದು 1962ರಲ್ಲಿ. ಅದರಿಂದ ಬೇರ್ಪಡಿಸಿದ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕ್ಯಾನ್ಸರ್ ಔಷಧಿಗೆ ಅಲ್ಲಿ ಅನುಮತಿ ದೊರೆತದ್ದು 1992ರಲ್ಲಿ. ಅದನ್ನೂ ರೋಗಿಗೆ ತೊಗಟೆಯ ಕಷಾಯವಾಗಿ ಕುಡಿಸುವುದಿಲ್ಲ, ಅಳೆದು ರಕ್ತನಾಳಕ್ಕೆ ಏರಿಸುತ್ತಾರೆ.

ನಿಮ್ಮ ಚಿಕ್ಕಮ್ಮ ಸಾರು, ಪಲ್ಯಗಳಲ್ಲಿ ಈರುಳ್ಳಿ ತಿನ್ನುವುದಕ್ಕೆ, ವೈದ್ಯರು ಬೇಡವೆಂದಿಲ್ಲದಿದ್ದರೆ, ಅಡ್ಡಿಯಿಲ್ಲ. ಸಿಪ್ಪೆಯ ಮಾತು ಬೇರೆ: ಅದರ ಪದರಗಳ ನಡುವೆ ಕಾಣುವ ಕಪ್ಪು ಪುಡಿ ಬಹುಮಟ್ಟಿಗೆ ಬೂಷ್ಟು, ಕೀಮೋಥೆರಪಿಯಿಂದ ಬಿಳಿ ರಕ್ತಕಣಗಳು ಕುಸಿದವರು ಅದನ್ನು ಮುಟ್ಟದಿರುವುದೇ ಲೇಸು. ಈಗಾಗಲೇ ಕಷಾಯವನ್ನೋ ಕ್ವೆರ್ಸೆಟಿನ್ ಮಾತ್ರೆಯನ್ನೋ ಆರಂಭಿಸಿದ್ದರೆ, ಅದು ಕೆಲವು ಔಷಧಿಗಳನ್ನು ದೇಹ ನಿಭಾಯಿಸುವ ರೀತಿಯನ್ನೇ ಬದಲಿಸಬಹುದಾದ್ದರಿಂದ, ಮುಂದಿನ ಡೋಸ್‌ಗೆ ಮುಂಚೆಯೇ ಅವರ ಆಂಕಾಲಜಿಸ್ಟ್‌ಗೆ ತಪ್ಪದೆ ತಿಳಿಸಿ.