‘ದಿ ಆಕ್ಸಿಡೆಂಟ್ ವಾಸ್ ಹ್ಯಾಪನ್ಡ್’ ಯಾಕೆ ತಪ್ಪು?

‘ಹ್ಯಾಪನ್’ ಕ್ರಿಯಾಪದಕ್ಕೆ ಕರ್ಮ ಇಲ್ಲ. ಅದಕ್ಕೇ ಅದನ್ನು ಪ್ಯಾಸಿವ್ ಮಾಡಲು ಬರುವುದಿಲ್ಲ. ‘ದಿ ಆಕ್ಸಿಡೆಂಟ್ ಹ್ಯಾಪನ್ಡ್’ ಅಂದರೆ ಸಾಕು.

ಕೆಲಸ ಯಾವುದರ ಮೇಲೆ ನಡೆಯಿತೋ ಅದೇ ಕರ್ಮ. ಅದನ್ನು ವಾಕ್ಯದ ಮೊದಲಿಗೆ ತಂದರೆ ಪ್ಯಾಸಿವ್. ‘ರವಿ ಬ್ರೋಕ್ ದಿ ಗ್ಲಾಸ್’ ತಗೊಳ್ಳಿ. ರವಿ ಏನನ್ನು ಒಡೆದ? ಗ್ಲಾಸನ್ನು. ಅದನ್ನು ಮುಂದೆ ತನ್ನಿ. ಆಮೇಲೆ ಕಾಲಕ್ಕೆ ತಕ್ಕ ಹಾಗೆ ‘ಈಸ್’ ಅಥವಾ ‘ವಾಸ್’, ಅದಾದ ಮೇಲೆ ಕ್ರಿಯಾಪದದ ಮೂರನೇ ರೂಪ: ‘ದಿ ಗ್ಲಾಸ್ ವಾಸ್ ಬ್ರೋಕನ್’. ಒಡೆದವರು ಯಾರು ಅಂತ ಹೇಳಬೇಕಿದ್ದರೆ ಮಾತ್ರ ಕೊನೆಗೆ ‘ಬೈ ರವಿ’. ಸುಮ್ನೆ ಎಲ್ಲ ಕಡೆ ಸೇರಿಸಬೇಡಿ, ವಾಕ್ಯ ಭಾರವಾಗುತ್ತದೆ.

ಆದರೆ ‘ಆಕ್ಸಿಡೆಂಟ್ ಏನನ್ನು ಹ್ಯಾಪನ್ ಮಾಡಿತು?’ ಅಂತ ಕೇಳಲು ಆಗುವುದಿಲ್ಲ, ಅಲ್ವಾ? ಮುಂದೆ ತರಲು ಅಲ್ಲಿ ಏನೂ ಇಲ್ಲ. ‘ಅರೈವ್’, ‘ಡಿಸಪಿಯರ್’ ಕೂಡ ಹೀಗೇ.